ಹೊಂಗೆ ಎಲೆ ಯಾರ ಕಸ?

ಶಿವರಾತ್ರಿಗೆ ಚಳಿ ‘ಶಿವ ಶಿವಾ’ ಅಂತ ಹೊರಟು ಹೋಗುತ್ತೆ ಅಂತಾರೆ. ನಮ್ಮ ಕಡೆ ಅದು ಸುಮ್ಮನೆ ಹೋಗಲ್ಲ, ಮರದ ಮೇಲಿದ್ದ ಎಲೆಗಳನ್ನೆಲ್ಲ ಕೆಳಗೆ ಕೊಡವಿ ಹೋಗುತ್ತೆ. ಫೆಬ್ರವರಿ, ಮಾರ್ಚ್ ಅಂದ್ರೆ ಮೈಸೂರಿನಲ್ಲಿ ಕಡ್ಡಿಪೊರಕೆಯ ತಿಂಗಳು. ಅರಳಿ, ಬೇವು, ಹೊಂಗೆ, ಕಾಡುಬಾದಾಮಿ ಒಂದರ ಹಿಂದೆ ಒಂದು ಬರಿದಾಗುತ್ತವೆ. ಬೆಳಗ್ಗೆ ಅಂಗಳ ಗುಡಿಸಿ, ನೀರು ಚಿಮುಕಿಸಿ, ರಂಗೋಲಿ ಹಾಕಿ, ಒಳಗೆ ಹೋಗಿ ಒಂದು ಲೋಟ ಕಾಫಿ ಕುಡಿದು ಬರೋಷ್ಟರಲ್ಲಿ ರಂಗೋಲಿ ಮೇಲೆ ಹತ್ತು ಎಲೆ ಬಿದ್ದಿರುತ್ತೆ.

ಕುವೆಂಪುನಗರದಲ್ಲೋ ಜಯಲಕ್ಷ್ಮೀಪುರಂನಲ್ಲೋ ಆದ್ರೆ ಇದೊಂದು ದೊಡ್ಡ ವಿಷಯವಲ್ಲ. ಮನೆ ಸುತ್ತ ಜಾಗ ಇರುತ್ತೆ, ಒಂದು ಮೂಲೆಗೆ ತಳ್ಳಿದರಾಯಿತು. ನಮ್ಮ ಮಂಡಿ ಮೊಹಲ್ಲಾದ ಕಥೆ ಬೇರೆ. ಒಂದು ಕಡೆ ಸಯ್ಯಾಜಿರಾವ್ ರಸ್ತೆ, ಇನ್ನೊಂದು ಕಡೆ ಅಶೋಕ ರಸ್ತೆ, ನಡುವೆ ಗೋಡೆಗೆ ಗೋಡೆ ತಾಗಿಸಿಕೊಂಡು ನಿಂತ ಹಳೇ ಮನೆಗಳು, ಅಂಗಡಿಗಳು, ಗೋಡೌನುಗಳು. ಇಲ್ಲಿ ಅಂಗಳ ಅಂದ್ರೆ ಎರಡು ಸ್ಕೂಟರ್ ನಿಲ್ಲಿಸುವಷ್ಟು ಜಾಗ. ಅಂಥ ಅಂಗಳದ ಮೂಲೆಯಲ್ಲಿ ನಮ್ಮದೊಂದು ಹೊಂಗೆ ಮರ ಇದೆ. ಬೇರು ನಮ್ಮದು, ಕೊಂಬೆ ಮೂರು ಮನೆಯದು. ನೆರಳು ಬಿದ್ದಾಗ ಯಾರೂ ಅದು ಯಾರದು ಅಂತ ಕೇಳಲ್ಲ. ಎಲೆ ಬಿದ್ದಾಗ ಮಾತ್ರ ಕೇಳ್ತಾರೆ.

ಈ ವರ್ಷ ಆ ಮಾತು ಸ್ವಲ್ಪ ಜೋರಾಗಿಯೇ ಬಂತು. ಪಕ್ಕದ ಮನೆ ತಾತ ಕಾಂಪೌಂಡ್ ಆಚೆಯಿಂದ, “ನೋಡಮ್ಮ, ದಿನಾ ಎರಡು ಸಲ ಗುಡಿಸಿ ಗುಡಿಸಿ ನನ್ನ ಸೊಂಟ ಹೋಯ್ತು. ಒಂದೋ ಮರ ಕಡಿಸಿ, ಇಲ್ಲಾ ನಾನು ಸುಟ್ಟರೆ ಏನೂ ಅನ್ನಬೇಡಿ” ಅಂದ್ರು. ಎದುರು ಮನೆ ಚಾಚಾಗೆ ಉಬ್ಬಸ. ತಾತ ಬೆಳಗ್ಗೆ ಆರೂವರೆಗೆ ಎಲೆ ರಾಶಿಗೆ ಕಡ್ಡಿ ಗೀರಿದರೆ, ಏಳು ಗಂಟೆಗೆ ಚಾಚಾ ಕಿಟಕಿ ಮುಚ್ಚಿಕೊಂಡು ಇನ್‌ಹೇಲರ್ ಹುಡುಕ್ತಾರೆ. ಇಬ್ಬರೂ ಮೂವತ್ತು ವರ್ಷದಿಂದ ಸ್ನೇಹಿತರು, ಒಬ್ಬರ ಮನೆ ಒಬ್ಬಟ್ಟು ಇನ್ನೊಬ್ಬರಿಗೆ, ಅವರ ಮನೆ ಶೀರ್ ಕುರ್ಮಾ ಇವರಿಗೆ. ಅಂಥವರ ನಡುವೆ ಒಂದು ವಾರ ಮಾತಿಲ್ಲ. ಕಾರಣ ನಮ್ಮ ಮನೆ ಮರದ ಒಣ ಎಲೆ.

ತಾತನ ಮೇಲೆ ಸಿಟ್ಟು ಮಾಡೋದು ಸುಲಭ. ಆದರೆ ಅವರು ಎಲೆ ಸುಡೋದನ್ನ ಕಲಿತದ್ದು ಎಲ್ಲಿ ಅಂತ ಯೋಚಿಸಿದರೆ ಬೇರೆಯೇ ಒಂದು ವಿಷಯ ಕಾಣುತ್ತೆ. ನಮ್ಮ ಹಳೇ ಮನೆಗಳಲ್ಲೆಲ್ಲ ಬಚ್ಚಲಲ್ಲಿ ಹಂಡೆ ಒಲೆ ಇರುತ್ತಿತ್ತು. ತೆಂಗಿನ ಗರಿ, ಕರಟ, ಸೌದೆ ಚೂರಿನ ಜೊತೆ ಅಂಗಳದ ತರಗೆಲೆಯೂ ಅದರ ಹೊಟ್ಟೆಗೇ ಹೋಗುತ್ತಿತ್ತು. ನೀರು ಕಾಯುತ್ತಿತ್ತು, ಉಳಿದ ಬೂದಿ ಪಾತ್ರೆ ತಿಕ್ಕೋಕೆ, ಮಿಕ್ಕಿದ್ದು ಗಿಡದ ಬುಡಕ್ಕೆ. ಅಂದ್ರೆ ಆ ಬೆಂಕಿಗೆ ಒಂದು ಕೆಲಸ ಇತ್ತು. ಗೀಸರ್ ಬಂತು, ಸೋಲಾರ್ ಬಂತು, ಹಂಡೆ ಗುಜರಿಗೆ ಹೋಯ್ತು. ಕೆಲಸ ಹೋದರೂ ಬೆಂಕಿ ಮಾತ್ರ ಉಳೀತು, ಬಚ್ಚಲಿಂದ ಎದ್ದು ಬೀದಿಗೆ ಬಂತು. ತಾತನ ಪಾಲಿಗೆ ಎಲೆ ಸುಡೋದು ಕೆಟ್ಟ ಕೆಲಸ ಅಲ್ಲ, ಮನೆ ಚೊಕ್ಕಟ ಇಡೋ ಕೆಲಸ.

ಆದರೆ ಹೊಗೆಗೆ ನಮ್ಮ ಉದ್ದೇಶ ಗೊತ್ತಾಗಲ್ಲ. ಒಣ ಎಲೆ ಧಗಧಗ ಉರಿಯೋದು ಸ್ವಲ್ಪ ಹೊತ್ತು, ಆಮೇಲೆ ಗಂಟೆಗಟ್ಟಲೆ ಒಳಗೊಳಗೇ ಕನಲುತ್ತೆ. ಬೆಳಗಿನ ಇಬ್ಬನಿಗೆ ನೆನೆದ ಎಲೆಯಾದ್ರೆ ಇನ್ನೂ ಕಷ್ಟ. ಹೀಗೆ ಅರ್ಧಂಬರ್ಧ ಉರಿದಾಗಲೇ ಕಾರ್ಬನ್ ಮೊನಾಕ್ಸೈಡ್ ಮತ್ತು ಪಿಎಂ 2.5 ಅನ್ನೋ ಸಣ್ಣ ಕಣಗಳು ಹೆಚ್ಚಾಗಿ ಹುಟ್ಟೋದು. 2.5 ಮೈಕ್ರಾನ್ ಅಂದ್ರೆ ನಮ್ಮ ತಲೆಗೂದಲಿನ ದಪ್ಪದ ಇಪ್ಪತ್ತನೇ ಒಂದು ಪಾಲಿಗಿಂತ ಚಿಕ್ಕದು. ಮೂಗಿನ ಕೂದಲಿಗೆ ಸಿಗಲ್ಲ, ಶ್ವಾಸಕೋಶದ ತಳಕ್ಕೇ ಇಳಿಯುತ್ತೆ. ಇಡೀ ದಿನದ ಸರಾಸರಿಯಲ್ಲಿ ಇದು ಒಂದು ಘನ ಮೀಟರ್ ಗಾಳಿಗೆ 60 ಮೈಕ್ರೋಗ್ರಾಂ ಮೀರಬಾರದು ಅಂತ ನಮ್ಮ ದೇಶದ 2009ರ ಮಾನದಂಡ ಹೇಳುತ್ತೆ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಅದನ್ನ 15ಕ್ಕೆ ಇಳಿಸಿತು. ಜೊತೆಗೆ ಚಳಿ ಇನ್ನೂ ಬಿಡದ ಬೆಳಗಿನಲ್ಲಿ ನೆಲದ ಹತ್ತಿರದ ತಣ್ಣನೆ ಗಾಳಿ ಮೇಲೇಳಲ್ಲ. ಹೊಗೆ ನಮ್ಮ ಓಣಿಯಲ್ಲೇ, ಕಿಟಕಿಯ ಎತ್ತರದಲ್ಲೇ ನಿಂತುಬಿಡುತ್ತೆ. ಚಾಚಾ ಕೆಮ್ಮಿಗೆ ಕಾರಣ ಇಷ್ಟೇ.

ಕಾನೂನೂ ಇದನ್ನ ಒಪ್ಪಲ್ಲ. 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳಲ್ಲಿ ಬೀದಿಯಲ್ಲಿ, ಮೋರಿಯಲ್ಲಿ ಕಸ ಎಸೆಯೋದು, ಸುಡೋದು, ಹೂಳೋದು ಎಲ್ಲಕ್ಕೂ ನಿಷೇಧ ಇತ್ತು. ಗಿಡಮರದ ಕಸವನ್ನ ಬೇರೆಯಾಗಿ, ನಮ್ಮ ಆವರಣದಲ್ಲೇ ಇಟ್ಟುಕೊಳ್ಳಬೇಕು ಅಂತಲೂ ಇತ್ತು. ಅದೇ ವರ್ಷ ಡಿಸೆಂಬರಿನಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಬಯಲಲ್ಲಿ ಕಸ ಸುಟ್ಟರೆ 5,000 ರೂಪಾಯಿ, ದೊಡ್ಡ ಪ್ರಮಾಣದಲ್ಲಿ ಸುಟ್ಟರೆ 25,000 ರೂಪಾಯಿ ದಂಡ ಅಂತ ಆದೇಶ ಮಾಡಿತು. ಎಪ್ಪತ್ತೈದು ದಾಟಿದ ತಾತನಿಗೆ ನಾನು ಈ ಅಂಕಿ ತೋರಿಸಿ ಹೆದರಿಸೋಕೆ ಹೋಗಲಿಲ್ಲ. ಅಕ್ಕಪಕ್ಕದವರ ಜೊತೆ ಕಾನೂನು ಮಾತಾಡಿ ಗೆದ್ದವರು ಆಮೇಲೆ ಕಾಯಿ ಒಡೆಯೋಕೆ ಕತ್ತಿ ಕೇಳೋದು ಯಾರ ಮನೆಗೆ?

ಉಳಿದದ್ದು ಅವರ ಇನ್ನೊಂದು ಸಲಹೆ, ಮರ ಕಡಿಸೋದು. ಅದು ನಮ್ಮ ಅಂಗಳದ್ದೇ ಆದ್ರೂ, 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಪ್ರಕಾರ ಮನಸ್ಸು ಬಂದಾಗ ಕೊಡಲಿ ಹಾಕೋ ಹಾಗಿಲ್ಲ, ವೃಕ್ಷಾಧಿಕಾರಿಗಳ ಅನುಮತಿ ಬೇಕು. ಕಾಯ್ದೆ ಬಿಡಿ, ಈ ಊರಿಗೆ ಮರದ ಬೆಲೆ ಗೊತ್ತು. 2025ರ ಏಪ್ರಿಲ್‌ನಲ್ಲಿ ಹೈದರಾಲಿ ರಸ್ತೆಯ ನಲವತ್ತು ಮರ ನೆಲಕ್ಕುರುಳಿದಾಗ ಜನ ಬೀದಿಗಿಳಿದು ಪ್ರತಿಭಟಿಸಿದ್ದನ್ನ ನೋಡಿದ್ದೇವೆ. ಅಂಥ ಊರಲ್ಲಿ ಎರಡು ತಿಂಗಳ ಎಲೆಗೋಸ್ಕರ ಹನ್ನೆರಡು ತಿಂಗಳ ಮರ ಕಳಕೊಳ್ಳೋದಾ?

ಮರ ಎಲೆ ಉದುರಿಸೋದು ನಮಗೆ ತೊಂದರೆ ಕೊಡೋಕಂತೂ ಅಲ್ಲ. ಅಕ್ಟೋಬರ್ ಬಂದ್ರೆ ನನ್ನ ವಿದೇಶಿ ಸಹೋದ್ಯೋಗಿಗಳು ವಿಡಿಯೋ ಕಾಲಿನಲ್ಲಿ ಕೆಂಪು, ಹಳದಿ ಎಲೆ ತೋರಿಸ್ತಾರೆ. ಅಲ್ಲಿ ಹಗಲು ಕುಗ್ಗಿ, ಚಳಿ ಬರುತ್ತೆ ಅಂತ ಮರ ಎಲೆ ಬಿಡುತ್ತೆ. ನಮ್ಮಲ್ಲಿ ಕಾರಣ ಬಾಯಾರಿಕೆ. ಮಳೆ ನಿಂತು ತಿಂಗಳುಗಳಾಗಿ, ಮಣ್ಣು ಒಣಗಿದಾಗ ಎಲೆಯ ಮೂಲಕ ನೀರು ಆವಿಯಾಗೋದನ್ನ ತಡೆಯೋಕೆ ಮರ ಎಲೆಯನ್ನೇ ಬಿಡುತ್ತೆ. ಬಿಡೋಕೆ ಮುಂಚೆ ಎಲೆಯಲ್ಲಿದ್ದ ಸಾರಜನಕ, ರಂಜಕದಲ್ಲಿ ಹೆಚ್ಚುಕಡಿಮೆ ಅರ್ಧದಷ್ಟನ್ನ ವಾಪಸ್ ಒಳಗೆ ಎಳೆದುಕೊಳ್ಳುತ್ತೆ. ಕೆಳಗೆ ಬೀಳೋದು ಬಹುಪಾಲು ಇಂಗಾಲದ ಹಾಳೆ.

ಈ ವಿಷಯ ಗೊತ್ತಾದ್ರೆ ಗೊಬ್ಬರದ ಲೆಕ್ಕ ಸಲೀಸು. ಕೊಳೆಸುವ ಸೂಕ್ಷ್ಮಜೀವಿಗಳಿಗೆ ಒಂದು ಪಾಲು ಸಾರಜನಕಕ್ಕೆ 25ರಿಂದ 30 ಪಾಲು ಇಂಗಾಲ ಇದ್ದರೆ ಹಬ್ಬ. ಒಣ ಎಲೆಯಲ್ಲಿ ಇಂಗಾಲ ಅದಕ್ಕಿಂತ ತುಂಬಾ ಜಾಸ್ತಿ, ಹಾಗಾಗಿ ಬರೀ ಎಲೆ ಕೊಳೆಯೋಕೆ ಆರು ತಿಂಗಳಿಂದ ವರ್ಷ ಹಿಡಿಯುತ್ತೆ. ಅಡುಗೆಮನೆಯ ಹಸಿ ಕಸದಲ್ಲಿ ಸಾರಜನಕ ಜಾಸ್ತಿ, ಒಂದೇ ಇಟ್ಟರೆ ಗಬ್ಬು ನಾರುತ್ತೆ. ಎರಡನ್ನೂ ಸೇರಿಸಿದರೆ ಒಂದರ ಕೊರತೆ ಇನ್ನೊಂದು ತುಂಬುತ್ತೆ.

ನಮ್ಮ ಓಣಿಯಲ್ಲಿ ಈಗ ನಡೀತಿರೋದು ಇದು. ಮರದ ಬುಡದಲ್ಲಿ, ಕಾಂಪೌಂಡ್ ಮೂಲೆಗೆ ಕೋಳಿಗೂಡಿನ ತಂತಿಬಲೆಯನ್ನ ಮೂರಡಿ ಅಗಲಕ್ಕೆ ದುಂಡಗೆ ಸುತ್ತಿ ನಿಲ್ಲಿಸಿದ್ದೇವೆ. ಮೂರೂ ಮನೆಯ ಎಲೆ ಅದಕ್ಕೇ. ತಾತ ಗುಡಿಸಿ ಗೋಡೆ ಪಕ್ಕ ರಾಶಿ ಮಾಡಿದರೆ ಸಾಕು, ಸಂಜೆ ಲಾಗೌಟ್ ಆದ ಮೇಲೆ ನಾನು ಮಂಕರಿಯಲ್ಲಿ ತುಂಬಿಕೊಂಡು ಬರ್ತೀನಿ. ಮೂರು ಮಂಕರಿ ಎಲೆಗೆ ಒಂದು ಮಂಕರಿ ತರಕಾರಿ ಸಿಪ್ಪೆ, ಹೂವು, ಕಾಫಿ ಚರಟ. ಮೇಲೆ ಒಂದು ಬಕೆಟ್ ಸಗಣಿ ನೀರು. ಸಗಣಿ ಸಿಗದವರು ಹುಳಿ ಮಜ್ಜಿಗೆಗೆ ಒಂದು ಹಿಡಿ ತೋಟದ ಮಣ್ಣು ಕಲಸಿ ಹಾಕಬಹುದು. ಹದ ತಿಳಿಯೋಕೆ ಒಂದು ಹಿಡಿ ತೆಗೆದು ಹಿಂಡಿ ನೋಡಬೇಕು. ಕೈ ಒದ್ದೆಯಾಗಬೇಕು, ನೀರು ಧಾರೆಯಾಗಿ ಸುರಿಯಬಾರದು. ವಾರಕ್ಕೊಮ್ಮೆ ಮೇಲೆಕೆಳಗೆ ಮಾಡಿದರೆ ಎರಡು ಮೂರು ತಿಂಗಳಿಗೆ ಕಪ್ಪಗೆ, ಮೊದಲ ಮಳೆಯ ಮಣ್ಣಿನ ವಾಸನೆಯ ಗೊಬ್ಬರ ಸಿಗುತ್ತೆ.

ಇಷ್ಟು ಜಾಗವೂ ಇಲ್ಲದವರಿಗೆ ಹಳೇ ಅಕ್ಕಿ ಚೀಲ ಸಾಕು. ಅಲ್ಲಲ್ಲಿ ತೂತು ಮಾಡಿ, ಎಲೆ ಒತ್ತಿ ತುಂಬಿ, ನೆನೆಸಿ, ಬಾಯಿ ಕಟ್ಟಿ ತಾರಸಿಯ ನೆರಳಿನಲ್ಲಿಟ್ಟು ಮರೆತುಬಿಡಿ. ಮುಂದಿನ ಶಿವರಾತ್ರಿ ಹೊತ್ತಿಗೆ ನೆನಪು ಮಾಡಿಕೊಂಡರೆ ಸಾಕು. ಅದೂ ಬೇಡ ಅಂದ್ರೆ ಕುಂಡಗಳ ಮಣ್ಣಿನ ಮೇಲೆ ಎರಡು ಇಂಚು ಎಲೆ ಹೊದಿಸಿ, ಕಾಂಡಕ್ಕೆ ತಾಗಿಸಬೇಡಿ. ಏಪ್ರಿಲ್ ಬಿಸಿಲಿಗೆ ನೀರು ಬೇಗ ಆರಲ್ಲ.

ಎಲ್ಲ ಎಲೆಯೂ ಒಂದೇ ಅಲ್ಲ. ಹೊಂಗೆ ಬೇಗ ಕರಗುತ್ತೆ. ಅದರ ಸೊಪ್ಪನ್ನ ನಮ್ಮ ರೈತರು ಗದ್ದೆಗೆ ಹಸಿರೆಲೆ ಗೊಬ್ಬರವಾಗಿ ಹಾಕ್ತಾನೇ ಬಂದಿದ್ದಾರೆ. ಮಾವು, ಹಲಸು, ಬಾದಾಮಿ ಎಲೆ ದಪ್ಪ, ಕೈಯಲ್ಲಿ ಪುಡಿ ಮಾಡಿ ಹಾಕಬೇಕು. ನೀಲಗಿರಿ ಎಲೆ ಬೇಡ.

ಇದ್ಯಾವುದೂ ಹೊಸ ವಿದ್ಯೆ ಅಲ್ಲ. ಮಲೆನಾಡಿನಲ್ಲಿ ತರಗು ಗುಡಿಸಿ ತಂದು ಕೊಟ್ಟಿಗೆಗೆ ಹಾಸೋದು, ಆಮೇಲೆ ಅದೇ ಗೊಬ್ಬರವಾಗಿ ಅಡಿಕೆ ತೋಟಕ್ಕೆ ಹೋಗೋದು ತಲೆತಲಾಂತರದ ಪದ್ಧತಿ. ಜಗತ್ತಿನ ಗೊಬ್ಬರದ ಪುಸ್ತಕಗಳಲ್ಲಿ ‘ಬೆಂಗಳೂರು ವಿಧಾನ’ ಅಂತಲೇ ಒಂದಿದೆ. 1939ರಲ್ಲಿ ಸಿ.ಎನ್. ಆಚಾರ್ಯ ಅವರು ರೂಪಿಸಿದ್ದು. ಗುಂಡಿಯಲ್ಲಿ ಊರಿನ ಕಸವನ್ನ ಪದರ ಪದರವಾಗಿ ತುಂಬಿ, ಮೇಲೆ ಮಣ್ಣು ಮೆತ್ತಿ ಮುಚ್ಚಿದರೆ ಆರರಿಂದ ಎಂಟು ತಿಂಗಳಲ್ಲಿ ಗೊಬ್ಬರ, ತಿರುವಿ ಹಾಕೋ ಕೆಲಸವಿಲ್ಲ. ನಮ್ಮ ರಾಜಧಾನಿಯ ಹೆಸರು ಕಸದಿಂದಲೂ ಒಳ್ಳೆಯ ರೀತಿಯಲ್ಲಿ ಪ್ರಸಿದ್ಧವಾಗಿದೆ ಅನ್ನೋದು ಸಮಾಧಾನ.

ನಾಲ್ಕು ಎಚ್ಚರಿಕೆ ಮಾತ್ರ ಇರಲಿ. ಗುಡಿಸುವಾಗ ಗುಟ್ಕಾ ಪೊಟ್ಟಣ, ಚಾಕೊಲೇಟ್ ಕಾಗದ ಆರಿಸಿ ತೆಗೆಯಿರಿ. ಹಳೇ ರಾಶಿಗೆ ಬರಿಗೈ ಹಾಕಬೇಡಿ, ಚೇಳು, ಜರಿ ಇರಬಹುದು, ಸನಿಕೆಯನ್ನೇ ಬಳಸಿ. ರಾಶಿಯನ್ನ ಕರೆಂಟ್ ಮೀಟರ್, ಗ್ಯಾಸ್ ಸಿಲಿಂಡರ್ ಹತ್ತಿರ ಇಡಬೇಡಿ. ತಾರಸಿ ಮೇಲೆ ಬಿದ್ದ ಎಲೆಯನ್ನ ಏಪ್ರಿಲ್ ಒಳಗೆ ತೆಗೆಯಿರಿ, ಇಲ್ಲದಿದ್ರೆ ಮೊದಲ ಗುಡುಗು ಮಳೆಗೇ ಪೈಪು ಕಟ್ಟಿ ನೀರು ನಿಂತು, ಸೊಳ್ಳೆಗೆ ತೊಟ್ಟಿಲು ಕಟ್ಟಿದ ಹಾಗೆ.

ಎಲೆಯನ್ನ ಬೀದಿಗೆ ತಳ್ಳಿ ಪೌರಕಾರ್ಮಿಕರು ನೋಡಿಕೊಳ್ತಾರೆ ಅನ್ನೋರೂ ಇದ್ದಾರೆ. ಸ್ವಚ್ಛ ನಗರಗಳ ಪಟ್ಟಿಯಲ್ಲಿ ಮೈಸೂರು 2015ರಲ್ಲಿ 476 ನಗರಗಳಲ್ಲಿ ಮೊದಲು ಬಂತು, 2016ರಲ್ಲಿ 73ರಲ್ಲಿ ಮತ್ತೆ ಮೊದಲು. ಆ ಹೆಸರು ಬಂದದ್ದು ಬೆಳಗಾಗೋ ಮುಂಚೆ ಪೊರಕೆ ಹಿಡಿಯೋ ಆ ಕೈಗಳಿಂದ. ನಮ್ಮ ಬೀದಿ ಗುಡಿಸೋ ಅಕ್ಕನನ್ನ ಕೇಳಿದೆ, ಈ ಎರಡು ತಿಂಗಳು ಹೇಗೆ ಅಂತ. “ಉಳಿದ ದಿನ ಕಸ ಗುಡಿಸ್ತೀವಿ ಕಣಮ್ಮ, ಈಗ ಮರಾನೇ ಗುಡಿಸ್ತೀವಿ. ತೂಕ ಇಲ್ಲ, ಆದ್ರೆ ಗಾಡಿ ಬೇಗ ತುಂಬೋಗುತ್ತೆ” ಅಂದ್ರು. ನಾವು ಅಂಗಳದಲ್ಲೇ ಉಳಿಸಿಕೊಂಡ ಒಂದೊಂದು ಮಂಕರಿಯೂ ಅವರ ಗಾಡಿಯಲ್ಲಿ ಅಷ್ಟು ಜಾಗ, ವಿದ್ಯಾರಣ್ಯಪುರಂ ಸೂಯೇಜ್ ಫಾರಂನ ಕಸದ ರಾಶಿಗೆ ಅಷ್ಟು ಕಡಿಮೆ ಹೊರೆ.

ತಾತ ಪೂರ್ತಿ ಒಪ್ಪಿದ್ದಾರೆ ಅಂತ ನಾನು ಹೇಳಲ್ಲ. “ಹಾವು ಬಂದ್ರೆ ನೀನೇ ಹಿಡೀಬೇಕು” ಅಂತ ಈಗಲೂ ಗೊಣಗ್ತಾರೆ. ಆದರೆ ಬೆಂಕಿಪೊಟ್ಟಣ ದೇವರ ಮನೆಗೆ ವಾಪಸ್ ಹೋಗಿದೆ. ಹೋದ ಭಾನುವಾರ ಚಾಚಾ ತಮ್ಮ ಮನೆಯ ಒಂದು ಚೀಲ ಎಲೆ ಹೊತ್ತು ತಂದು ಬಲೆಯೊಳಗೆ ಸುರಿದರು. ತಾತ ಕಾಂಪೌಂಡ್ ಆಚೆಯಿಂದ, “ಏನ್ರೀ ಸಾಹೇಬ್ರೆ, ಗೊಬ್ಬರದಲ್ಲಿ ನನಗೂ ಪಾಲುಂಟು” ಅಂದ್ರು. ವಾರದ ನಂತರದ ಮೊದಲ ಮಾತು ಅದು.

ಹಣ್ಣೆಲೆ ಉದುರುವಾಗ ಚಿಗುರೆಲೆ ನಕ್ಕಿತಂತೆ ಅನ್ನೋ ಗಾದೆ ವಯಸ್ಸಿನ ಬಗ್ಗೆ. ಹೊಂಗೆ ಮರದ ಕೆಳಗೆ ನಿಂತು ನೋಡಿದರೆ ಅಲ್ಲಿ ನಗೋಕೆ ಪುರುಸೊತ್ತೇ ಇಲ್ಲ, ಒಂದು ಕಡೆ ಉದುರುತ್ತಿದ್ದ ಹಾಗೇ ಇನ್ನೊಂದು ಕಡೆ ಚಿಗುರು ಮಿಂಚುತ್ತೆ. ಯುಗಾದಿ ಹೊತ್ತಿಗೆ ನೆರಳು ವಾಪಸ್. ಈ ವಾರ ನಿಮ್ಮ ಮನೆ ಮುಂದೆ ಎಲೆ ಬಿದ್ದಿದ್ದರೆ, ಕಡ್ಡಿ ಗೀರೋಕೆ ಮುಂಚೆ ಒಂದು ಖಾಲಿ ಅಕ್ಕಿ ಚೀಲ ಹುಡುಕಿ. ಪಕ್ಕದ ಮನೆಯವರಿಗೂ ಒಂದು ಕೊಡಿ.