ಎರೆಭೂತವೂ ವಿದ್ಯುತ್ ತಂತಿಯೂ

ವಿಭವಾಂತರದ ಪಾಠ ಬಂದಾಗಲೆಲ್ಲ ಯಾರಾದರೊಬ್ಬ ವಿದ್ಯಾರ್ಥಿ ಎದ್ದು ನಿಂತು, “ತಂತಿಯ ಮೇಲೆ ಕುಳಿತ ಕಾಗೆ ಏಕೆ ಸಾಯುವುದಿಲ್ಲ, ಸಾರ್?” ಎಂದು ಕೇಳುವುದುಂಟು. ಅದರ ಎರಡು ಕಾಲುಗಳ ನಡುವಣ ವಿಭವಾಂತರ ಅತ್ಯಲ್ಪವೆಂಬ ಉತ್ತರವನ್ನು ವಾಚಕರು ಬಲ್ಲರು. ಈ ವರ್ಷ ವಿದ್ಯಾರ್ಥಿನಿಯೊಬ್ಬಳು ಪ್ರಶ್ನೆಯನ್ನು ಮುಂದುವರಿಸಿದಳು: “ಹಾಗಾದರೆ ರಾಜಸ್ಥಾನದಲ್ಲಿ ಎರೆಭೂತಗಳು ತಂತಿಯಿಂದ ಸಾಯುತ್ತಿರುವುದೇಕೆ?”

ಎರೆಭೂತವು ಬಯಲಿನ ಹಕ್ಕಿ. ಎತ್ತರ ಸುಮಾರು ಒಂದು ಮೀಟರ್; ಗಂಡು ಹದಿನೈದು ಕಿಲೋಗ್ರಾಮಿನವರೆಗೆ ತೂಗುವುದುಂಟು. ಪಕ್ಷಿತಜ್ಞ ಸಲೀಂ ಅಲಿಯವರು ಇದನ್ನೇ ರಾಷ್ಟ್ರಪಕ್ಷಿಯಾಗಿ ಆರಿಸಬೇಕೆಂದು ಸೂಚಿಸಿದ್ದರು. 1963ರಲ್ಲಿ ಆ ಗೌರವ ನವಿಲಿಗೆ ಸಂದಿತು. ಇಂದು ಉಳಿದಿರುವ ಎರೆಭೂತಗಳು ನೂರೈವತ್ತಕ್ಕೂ ಕಡಿಮೆಯೆಂದು ಅಂದಾಜು. ಬಹುಪಾಲು ಜೈಸಲ್ಮೇರಿನ ಮರುಭೂಮಿಯಲ್ಲಿವೆ.

ಇದಕ್ಕೆ ಮೃತ್ಯುವಾಗಿರುವುದು ಮುಖ್ಯವಾಗಿ ತಂತಿಯ ಡಿಕ್ಕಿ. ಇದರ ಕಣ್ಣುಗಳು ತಲೆಯ ಪಕ್ಕಗಳಲ್ಲಿರುವುದರಿಂದ ಎದುರಿನ ನೋಟ ಬಹಳ ಕಿರಿದು. ಹಾರುತ್ತ ನೆಲದತ್ತ ತಲೆ ಬಾಗಿಸಿತೆಂದರೆ ಮುಂದಿರುವುದು ಕಾಣುವುದೇ ಇಲ್ಲ. ಕೊನೆಯ ಗಳಿಗೆಯಲ್ಲಿ ಕಂಡರೂ ಅಷ್ಟು ಭಾರದ ದೇಹವನ್ನು ಥಟ್ಟನೆ ತಿರುಗಿಸಿಕೊಳ್ಳಲಾರದು. ಥಾರ್ ಪ್ರದೇಶದಲ್ಲಿ ವರ್ಷಕ್ಕೆ ಸುಮಾರು 18 ಎರೆಭೂತಗಳು ಹೀಗೆ ಸಾಯುತ್ತಿರಬಹುದೆಂದು ಭಾರತೀಯ ವನ್ಯಜೀವಿ ಸಂಸ್ಥೆ ಅಂದಾಜು ಮಾಡಿತು. ಒಂದು ಸಲಕ್ಕೆ ಸಾಮಾನ್ಯವಾಗಿ ಒಂದೇ ಮೊಟ್ಟೆಯಿಡುವ ಹಕ್ಕಿಗೆ ಇದು ಭರಿಸಲಾಗದ ನಷ್ಟ.

ಆ ತಂತಿಗಳಲ್ಲಿ ಬಹಳಷ್ಟು ಹರಿಸುವುದು ಬಿಸಿಲು ಮತ್ತು ಗಾಳಿಯಿಂದ ಪಡೆದ ವಿದ್ಯುತ್ತನ್ನು. ಕಲ್ಲಿದ್ದಲನ್ನು ಬಿಡಬೇಕಾದ ನಮಗೆ ಅದು ಬೇಕೇ ಬೇಕು. 2021ರಲ್ಲಿ ಸರ್ವೋಚ್ಚ ನ್ಯಾಯಾಲಯವು ಎರೆಭೂತದ ನೆಲೆಗಳಲ್ಲಿ ತಂತಿಗಳನ್ನು ನೆಲದಡಿಗೆ ಇಳಿಸುವಂತೆ ಆದೇಶವಿತ್ತಿತು. ಅಷ್ಟು ವಿಶಾಲ ಪ್ರದೇಶದಲ್ಲಿ ಅದು ಅಸಾಧ್ಯವೆಂದು ಸರಕಾರ ವಾದಿಸಿದ ಮೇಲೆ, 2024ರಲ್ಲಿ ಆದೇಶವನ್ನು ಸಡಿಲಿಸಿ ತಜ್ಞರ ಸಮಿತಿಯನ್ನು ನೇಮಿಸಿತು.

ಅಸಾಧ್ಯವೆಂಬ ಮಾತನ್ನು ಲೆಕ್ಕಹಾಕಿಯೇ ನೋಡೋಣ. ನೆಲದಡಿಯ ಕೇಬಲ್ಲಿನಲ್ಲಿ ಒಳಗೆ ವಾಹಕ, ಸುತ್ತ ಅವಾಹಕ, ಹೊರಗೆ ಭೂಮಿಗೆ ಜೋಡಿಸಿದ ಲೋಹದ ಕವಚ. ಪ್ರಯೋಗಶಾಲೆಯ ಲೇಡನ್ ಜಾಡಿಯನ್ನು ಮೈಲುಗಟ್ಟಲೆ ಎಳೆದಂತೆ! ಪರ್ಯಾಯ ಪ್ರವಾಹವು ಈ ಜಾಡಿಯನ್ನು ಸೆಕೆಂಡಿಗೆ ಐವತ್ತು ಆವರ್ತಗಳಂತೆ ತುಂಬಿ ಬರಿದುಮಾಡುತ್ತಿರಬೇಕು. ಕಿಲೋಮೀಟರಿಗೆ 0.2 ಮೈಕ್ರೊಫ್ಯಾರಡ್ ಧಾರಕತೆ ಹಿಡಿದರೆ, 400 ಕಿಲೋವೋಲ್ಟಿನಲ್ಲಿ ಹಂತವೊಂದಕ್ಕೆ ಪ್ರತಿ ಕಿಲೋಮೀಟರಿಗೆ 14.5 ಆಂಪಿಯರ್ ಇದಕ್ಕೇ ವ್ಯಯವಾಗುತ್ತದೆ. ನೂರು ಕಿಲೋಮೀಟರಿಗೆ ಎಷ್ಟೆಂಬುದನ್ನು ವಿದ್ಯಾರ್ಥಿಗಳೇ ಗುಣಿಸಿ ನೋಡಲಿ. ಆದರೆ 33 ಕಿಲೋವೋಲ್ಟಿನಲ್ಲಿ ಅದು ಕೇವಲ 1.2 ಆಂಪಿಯರ್. ಅಲ್ಲಿ ಉಳಿಯುವ ಅಡ್ಡಿ ಹಣದ್ದು.

ಆದುದರಿಂದ ದೊಡ್ಡ ಮಾರ್ಗಗಳ ಕಷ್ಟವನ್ನು ಸಣ್ಣ ಮಾರ್ಗಗಳಿಗೂ ನೆಪವಾಗಿ ಹೇಳಕೂಡದೆಂಬುದು ನನ್ನ ಅಭಿಪ್ರಾಯ. ಸಣ್ಣವನ್ನು ಹೂಳಬಹುದು, ದೊಡ್ಡವನ್ನು ಹಕ್ಕಿಯ ನೆಲೆಯಿಂದ ದೂರಕ್ಕೆ ತಿರುಗಿಸಿ ಒಂದೇ ಓಣಿಯಲ್ಲಿ ಒಯ್ಯಬಹುದು. ಅನಿವಾರ್ಯವಾದೆಡೆ ನೇರ ಪ್ರವಾಹವುಂಟು. ಅದರಲ್ಲಿ ಜಾಡಿಯನ್ನು ಒಮ್ಮೆ ತುಂಬಿದರಾಯಿತು. ಪುಗಳೂರು–ತ್ರಿಶ್ಶೂರು ನಡುವಣ 320 ಕಿಲೋವೋಲ್ಟಿನ ಮಾರ್ಗವು ಕೇರಳದಲ್ಲಿ ಇಪ್ಪತ್ತು ಕಿಲೋಮೀಟರಿಗೂ ಹೆಚ್ಚು ದೂರ ನೆಲದಡಿಯಲ್ಲೇ ಸಾಗುತ್ತದೆ. ಎರಡು ತುದಿಗಳಲ್ಲಿ ಬೇಕಾಗುವ ಪರಿವರ್ತಕ ನಿಲಯಗಳು ದುಬಾರಿ, ನಿಜ. ತಂತಿಗೆ ತೂಗುಹಾಕುವ ಬಿಲ್ಲೆಗಳು ಅಗ್ಗ. ಆದರೆ ಎದುರು ನೋಡದ ಹಕ್ಕಿಗೆ ಅವು ಎಷ್ಟರಮಟ್ಟಿಗೆ ನೆರವಾದಾವು?

ನಮ್ಮ ಸಿರುಗುಪ್ಪದ ಎರೆಹೊಲಗಳಲ್ಲಿಯೂ ಈ ಹಕ್ಕಿಗಳು ಬೆರಳೆಣಿಕೆಯಷ್ಟು ಕಾಣಿಸಿಕೊಂಡಿವೆ. ಬಳ್ಳಾರಿಯ ಸೀಮೆಯೂ ಗಾಳಿಯಂತ್ರಗಳ ಸೀಮೆಯೇ. ಅಲ್ಲಿ ಹೊಸ ಮಾರ್ಗಕ್ಕೆ ಅನುಮತಿ ಕೊಡುವ ಮುನ್ನ ಎರೆಭೂತದ ನೆಲೆಯ ನಕ್ಷೆಯನ್ನು ಮಾರ್ಗದ ನಕ್ಷೆಯ ಮೇಲಿಟ್ಟು ನೋಡತಕ್ಕದ್ದು. ಆ ಕೆಲಸ ಕಂಬ ನೆಡುವ ಮೊದಲೇ ಆಗಬೇಕು.