ಹಳೆಯ ಧ್ವನಿಯಂತ್ರಕ್ಕೆ ಹೊಸ ಶಕ್ತಿಪೆಟ್ಟಿಗೆ

ಪುಟ್ಟೇನಹಳ್ಳಿಯ ಕೆರೆಯ ಸಮೀಪದಲ್ಲಿ ವಾಸವಾಗಿರುವ ನಮ್ಮ ಮಿತ್ರರೊಬ್ಬರ ಮನೆಯಲ್ಲಿ ಕಳೆದ ತಿಂಗಳು ನಡೆದ ಸಂಗತಿಯೊಂದನ್ನು ವಾಚಕರಲ್ಲಿ ಅರಿಕೆ ಮಾಡಬೇಕೆಂದು ನಮಗೆ ತೋರಿತು. ಹಿರಿಯರು ಬಳಸಿ ಬಿಟ್ಟುಹೋದ ರೇಡಿಯೋ, ಗ್ರಾಮಫೋನು, ಆಂಪ್ಲಿಫೈಯರುಗಳನ್ನು ಅಟ್ಟದಿಂದಿಳಿಸಿ ಮತ್ತೆ ನುಡಿಸಬೇಕೆಂಬ ಆಸೆಯು ಈಚೆಗೆ ಅನೇಕ ಮನೆಗಳಲ್ಲಿ ಹುಟ್ಟುತ್ತಿರುವುದರಿಂದ, ಇದು ಒಂದು ಮನೆಯ ಮಾತಾಗಿಯೇ ಉಳಿಯತಕ್ಕದ್ದಲ್ಲ.

ಮಿತ್ರರ ತೀರ್ಥರೂಪರು ಬಹುಕಾಲದ ಹಿಂದೆ ಇಂಗ್ಲೆಂಡಿನಿಂದ ಮರಳುವಾಗ ಕ್ವಾಡ್ 22 ಎಂಬ ನಿಯಂತ್ರಣ ಪೆಟ್ಟಿಗೆಯನ್ನು ತಂದಿದ್ದರು. ಹಂಟಿಂಗ್‌ಡನ್ ಎಂಬ ಊರಿನಲ್ಲಿ ಪೀಟರ್ ವಾಕರ್ ಎಂಬವರ ಕಂಪನಿಯು ಇದನ್ನು 1959ರಲ್ಲಿ ಹೊರತಂದಿತು. ಗ್ರಾಮಫೋನಿನ ಮುಳ್ಳಿನಿಂದ ಬರುವ ಸೂಕ್ಷ್ಮವಾದ ಸಂಕೇತವನ್ನು ತಿದ್ದಿ, ಬೆಳೆಸಿ, ಮುಂದಕ್ಕೆ ಕಳುಹಿಸುವುದು ಇದರ ಕೆಲಸ. ಆದರೆ ಇದಕ್ಕೆ ಸ್ವಂತ ಶಕ್ತಿಮೂಲವಿಲ್ಲ. 1953ರಲ್ಲಿ ಬಂದ ಕ್ವಾಡ್ 2 ಎಂಬ ದೊಡ್ಡ ಆಂಪ್ಲಿಫೈಯರುಗಳಿಂದ, ಕೂಸು ತಾಯಿಯಿಂದ ಹಾಲು ಪಡೆಯುವಂತೆ, ಇದು ಕೇಬಲಿನ ಮೂಲಕ ಶಕ್ತಿಯನ್ನು ಪಡೆಯುತ್ತದೆ. ಭಾರವಾದ ಆ ಜೊತೆಗಾರ ಯಂತ್ರಗಳು ಎಂದೋ ಕೈಬಿಟ್ಟುಹೋಗಿದ್ದವು. ಉಳಿದುದು ಈ ಪುಟ್ಟ ಪೆಟ್ಟಿಗೆ, ಮತ್ತು ಅದರ ಮೇಲೆ ತಂದೆಯವರ ಬೆರಳು ತಾಗಿ ಸವೆದ ಗುಂಡಿ.

ಮುಂದಿನ ಕೆಲಸಕ್ಕೆ ಈಗಿನ ಕಾಲದ ಆಂಪ್ಲಿಫೈಯರು ಮನೆಯಲ್ಲಿತ್ತು. ಕೊರತೆಯಾದುದು ಶಕ್ತಿಯೊಂದೇ. ಮಿತ್ರರು ಒಬ್ಬ ಕುಶಲಿಯಿಂದ ಹಳೆಯ ವಾಲ್ವ್ ರೇಡಿಯೋ ಒಂದರ ಶಕ್ತಿಭಾಗವನ್ನು ಮಾರ್ಪಡಿಸಿ ಬೇರೆ ಪೆಟ್ಟಿಗೆಯಾಗಿ ಮಾಡಿಸಿದರು. ಅದರ ಪ್ಲಗ್ಗು ಯಂತ್ರದ ಸಾಕೆಟ್ಟಿಗೆ ಚೆನ್ನಾಗಿ ಕೂರುತ್ತಿತ್ತು. “ಕೂತಿತಲ್ಲ ಸ್ವಾಮಿ, ಇನ್ನೇನು? ಸ್ವಿಚ್ಚು ಹಾಕೋಣವೆ?” ಎಂದು ಅವರು ಸಂಭ್ರಮದಿಂದ ಕೇಳಿದಾಗ, ನಾವು ಮೀಟರೊಂದನ್ನು ತರುವವರೆಗೆ ತಾಳಬೇಕೆಂದು ಪ್ರಾರ್ಥಿಸಿದೆವು.

ಪ್ಲಗ್ಗು ಕೂತರೆ ಸಾಕೆಂಬ ಈ ನಂಬಿಕೆ ನಮಗೆಲ್ಲರಿಗೂ ಅಭ್ಯಾಸದಿಂದ ಬಂದುದು. ಶಿವನಸಮುದ್ರದ ಶಕ್ತಿಯಿಂದ ಬೆಂಗಳೂರಿನಲ್ಲಿ ವಿದ್ಯುದ್ದೀಪಗಳು ಬೆಳಗಿದುದು 1905ರಲ್ಲಿ. ಇಷ್ಟು ಕಾಲದ ಒಡನಾಟದಿಂದ ವಿದ್ಯುತ್ತು ನಮಗೆ ಮನೆಯ ಬೆಕ್ಕಿನಂತೆ ಸಲುಗೆಯಾಗಿದೆ. ಇಂದು ಗೋಡೆಯ ಯಾವ ಸಾಕೆಟ್ಟಿನಲ್ಲಿಯೂ ದೊರೆಯುವುದು ಅದೇ 230 ವೋಲ್ಟು, ಸೆಕೆಂಡಿಗೆ ಅದೇ 50 ಆವರ್ತ. ಆದುದರಿಂದ ಗೋಡೆಯ ಮಟ್ಟಿಗೆ ಆಕಾರ ಹೊಂದಿದರೆ ಶಕ್ತಿಯೂ ಹೊಂದುತ್ತದೆ. ಯಂತ್ರಕ್ಕೂ ಅದರ ಹೊರಗಿನ ಶಕ್ತಿಪೆಟ್ಟಿಗೆಗೂ ನಡುವೆ ಇಂತಹ ಸಾರ್ವತ್ರಿಕವಾದ ಕರಾರು ಇಲ್ಲ. ಅಲ್ಲಿ ಯಾವ ಪಿನ್ನಿನಲ್ಲಿ ಏನು ಹರಿಯಬೇಕೆಂಬುದನ್ನು ಯಂತ್ರವನ್ನು ಮಾಡಿದವನು ಮಾತ್ರ ನಿಶ್ಚಯಿಸಿರುತ್ತಾನೆ.

ನಮ್ಮ ಮಿತ್ರರ ಯಂತ್ರವನ್ನೇ ನೋಡಿರಿ. ಅದರಲ್ಲಿ ಇಎಫ್ 86 ಎಂಬ ವಾಲ್ವುಗಳೆರಡು, ಇಸಿಸಿ 83 ಎಂಬವು ಎರಡು. ಇವುಗಳೊಳಗಿನ ತಂತಿಯನ್ನು ಕಾಯಿಸಲು 6.3 ವೋಲ್ಟು ಸಾಕು. ಮೊದಲಿನವು ತಲಾ 0.2, ಎರಡನೆಯವು ತಲಾ 0.3 ಆಂಪಿಯರಿನಂತೆ ಒಟ್ಟು 1 ಆಂಪಿಯರನ್ನು ಎಳೆಯುತ್ತವೆ. ಇದಲ್ಲದೆ ವಾಲ್ವು ದುಡಿಯುವುದಕ್ಕೆ 300 ವೋಲ್ಟಿಗೂ ಮೀರಿದ ನೇರ ವಿದ್ಯುತ್ತು ಬೇಕು. ಆದರೆ ಅದರ ಪ್ರವಾಹವು ಕೆಲವೇ ಮಿಲಿ ಆಂಪಿಯರು. ಆರು ವೋಲ್ಟೂ ಮುನ್ನೂರು ವೋಲ್ಟೂ ಒಂದೇ ಪ್ಲಗ್ಗಿನಲ್ಲಿ ಬೆರಳಗಲದ ಅಂತರದೊಳಗೆ ಅಕ್ಕಪಕ್ಕದಲ್ಲಿರುತ್ತವೆ.

ಪ್ಲಗ್ಗನ್ನು ಯಂತ್ರದಿಂದ ಬೇರೆಯಾಗಿಯೇ ಇಟ್ಟು, ತಿಳಿದವರೊಬ್ಬರನ್ನು ಕರೆಯಿಸಿ, ಒಂದೊಂದು ಪಿನ್ನನ್ನೂ ಮೀಟರಿನಿಂದ ಅಳೆಯಿಸಿದೆವು. 6.3 ವೋಲ್ಟು ಇರಬೇಕಾದ ಕಡೆಯಲ್ಲಿ 350 ವೋಲ್ಟು ಇತ್ತು! ಕಾರಣವನ್ನು ಹುಡುಕಿದಾಗ ನಗೆಯೂ ನಡುಕವೂ ಒಟ್ಟಿಗೆ ಬಂದವು. ನಕ್ಷೆಯಲ್ಲಿ ಪ್ಲಗ್ಗನ್ನು ಮುಂದಿನಿಂದ ನೋಡಿದಂತೆ ಬರೆದಿತ್ತು. ಕುಶಲಿಯು ಬೆಸುಗೆ ಹಾಕಿದುದು ಹಿಂದಿನಿಂದ. ಅಚ್ಚುಮೊಳೆಯಲ್ಲಿ ಅಕ್ಷರವು ತಿರುಗಿ ಕಾಣುವಂತೆ ಎಡವು ಬಲವಾಗಿತ್ತು. ಅವಸರದಿಂದ ಸ್ವಿಚ್ಚು ಹಾಕಿದ್ದರೆ, ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಬಾಳಿದ ಯಂತ್ರವು ಅರೆಗಳಿಗೆಯಲ್ಲಿ ಹಾಳಾಗುತ್ತಿತ್ತು.

ಇದಕ್ಕಿಂತ ದೊಡ್ಡ ಅಪಾಯ ಆಮೇಲೆ ಕಾಣಿಸಿತು. ಗೋಡೆಯ ಪ್ಲಗ್ಗನ್ನು ತೆಗೆದು ಐದು ನಿಮಿಷವಾಗಿದ್ದಿತು. ಮಿತ್ರರು ಶಕ್ತಿಪೆಟ್ಟಿಗೆಯ ತುದಿಯನ್ನು ಬೆರಳಿನಿಂದ ಒರೆಸಲು ಹೋದರು. ನಾವು ಕೈ ಹಿಡಿದು ತಡೆದು, ಮೀಟರನ್ನು ಇಡಿಸಿದೆವು. ಇನ್ನೂ 200 ವೋಲ್ಟಿಗೆ ಮೀರಿ ಇತ್ತು. ಕಪಾಸಿಟರು ಎಂಬುದು ವಿದ್ಯುತ್ತಿನ ಹಗೇವು. ಬಾಗಿಲು ಮುಚ್ಚಿದರೂ ಒಳಗಿನ ಸಂಗ್ರಹ ಖಾಲಿಯಾಗುವುದಿಲ್ಲ. ಅದನ್ನು ತಾನಾಗಿಯೇ ಬರಿದುಮಾಡಲು ಒಂದು ರೆಸಿಸ್ಟರನ್ನು ಅದಕ್ಕೆ ಅಡ್ಡಲಾಗಿ ಶಾಶ್ವತವಾಗಿ ಸೇರಿಸಿರಬೇಕು. ಇಲ್ಲಿ ಅದು ಇರಲಿಲ್ಲ. 32 ಮೈಕ್ರೋಫ್ಯಾರಡ್ ಕಪಾಸಿಟರಿಗೆ 220 ಕಿಲೋ ಓಮಿನ, 2 ವಾಟಿನ ರೆಸಿಸ್ಟರನ್ನು ಹಾಕಿಸಿದ ಮೇಲೆ, ಸುಮಾರು 35 ಸೆಕೆಂಡಿನಲ್ಲಿ ಮೀಟರಿನ ಮುಳ್ಳು ತಳಕ್ಕಿಳಿಯಿತು. ಅಷ್ಟಾದರೂ ಮುಟ್ಟುವುದಕ್ಕೆ ಮುಂಚೆ ಅಳೆಯುವ ಪದ್ಧತಿಯನ್ನು ಬಿಡಕೂಡದು.

ಮಾರ್ಪಾಡಿನಲ್ಲಿ ಇನ್ನೊಂದು ಗುಟ್ಟುಂಟು. ಹಳೆಯ ಯಂತ್ರಗಳಲ್ಲಿ ವಿದ್ಯುತ್ತನ್ನು ನೇರಮಾಡುತ್ತಿದ್ದುದೂ ವಾಲ್ವೇ. ಕ್ವಾಡ್ 2ರಲ್ಲಿ ಜಿಜೆಡ್ 32 ಎಂಬುದು ನಿಧಾನವಾಗಿ ಕಾದು, ಮೆಲ್ಲಮೆಲ್ಲನೆ ವೋಲ್ಟನ್ನು ಏರಿಸುತ್ತಿತ್ತು. ಈಗಿನವರು ಅದರ ಬದಲಿಗೆ ಸಿಲಿಕಾನ್ ಡಯೋಡುಗಳನ್ನು ಹಾಕುವರು. ಅವು ಕಾಯುವುದಿಲ್ಲ. ಟ್ರಾನ್ಸ್‌ಫಾರ್ಮರು 250 ವೋಲ್ಟು ಕೊಟ್ಟರೆ, ಹೊರೆಯಿಲ್ಲದಾಗ ಕಪಾಸಿಟರಿನ ಮೇಲೆ ಸುಮಾರು 350 ವೋಲ್ಟು ಒಮ್ಮೆಲೆ ಬಂದು ನಿಲ್ಲುತ್ತದೆ. ವಾಲ್ವುಗಳು ಆಗಿನ್ನೂ ತಣ್ಣಗೇ ಇರುತ್ತವೆ. ಆದುದರಿಂದ ಕಪಾಸಿಟರು ಈ ಏರಿಕೆಯನ್ನು ತಡೆಯುವಷ್ಟು ಗಟ್ಟಿಯಾಗಿದೆಯೇ ಎಂದು ಮೊದಲೇ ವಿಚಾರಿಸಬೇಕು. ಹಲವು ದಶಕಗಳ ಹಿಂದಿನ ಕಪಾಸಿಟರುಗಳನ್ನಂತೂ ನಂಬದಿರುವುದೇ ಲೇಸು.

ಎಲ್ಲವನ್ನೂ ತಿದ್ದಿಸಿದ ಮೇಲೂ ನಾವು ನೇರವಾಗಿ ಗೋಡೆಗೆ ಸೇರಿಸಲಿಲ್ಲ. ರೇಡಿಯೋ ರಿಪೇರಿಯವರು ಬಲ್ಲ ಹಳೆಯ ಉಪಾಯವೊಂದಿದೆ: 40 ವಾಟಿನ ತಂತಿಯ ಬಲ್ಬನ್ನು ದಾರಿಯ ನಡುವೆ ಸೀರೀಸಿನಲ್ಲಿ ಸೇರಿಸುವುದು. ಒಳಗೆ ಶಾರ್ಟು ಇದ್ದರೆ ಬಲ್ಬು ತಾನು ಪ್ರಕಾಶವಾಗಿ ಉರಿದು ಯಂತ್ರವನ್ನು ಉಳಿಸುತ್ತದೆ. ಎಲ್ಲವೂ ಸರಿಯಾಗಿದ್ದರೆ ಕ್ಷಣಕಾಲ ಬೆಳಗಿ ಮಂಕಾಗುತ್ತದೆ. ಈಗಿನ ಎಲ್‌ಇಡಿ ಬಲ್ಬು ಈ ಕೆಲಸಕ್ಕೆ ಬಾರದು.

ಮೊದಲು ಕೇಳಿದುದು ಗುಂಯ್ ಎಂಬ ಶಬ್ದ. ಅದನ್ನು ನಿಲ್ಲಿಸಲು ಮೂರು ಪಿನ್ನಿನ ಪ್ಲಗ್ಗಿನಿಂದ ಅರ್ತಿಂಗ್ ತಂತಿಯನ್ನೇ ಬಿಚ್ಚಿಬಿಡುವವರುಂಟು. ಶಬ್ದ ನಿಂತೀತು, ಆದರೆ ಒಳಗೆ ತಂತಿಯೊಂದು ತಗಡಿಗೆ ತಾಗಿದ ದಿನ, ಗುಂಡಿಯನ್ನು ತಿರುಗಿಸುವ ಮೊಮ್ಮಗುವಿನ ಪ್ರಾಣ ನಿಂತೀತು. ಇಲ್ಲಿ ಸಂಕೇತದ ತಂತಿಯನ್ನು ಟ್ರಾನ್ಸ್‌ಫಾರ್ಮರಿನಿಂದ ದೂರಕ್ಕೆ ಸರಿಸಿದುದರಿಂದಲೇ ಶಬ್ದವು ಅಡಗಿತು.

ಮನೆಯಲ್ಲಿ ವಾಲ್ವ್ ಯಂತ್ರವಿಲ್ಲದವರಿಗೂ ಈ ಮಾತು ಸಲ್ಲುತ್ತದೆ. ಇಂಟರ್ನೆಟ್ಟಿನ ಪೆಟ್ಟಿಗೆಗೂ ಮಕ್ಕಳ ಕೀಬೋರ್ಡಿಗೂ ಬರುವ ಅಡಾಪ್ಟರುಗಳ ದುಂಡನೆಯ ತುದಿ ಒಂದೇ ಅಳತೆಯದಾಗಿರಬಹುದು. ಆದರೆ ಒಂದು 5 ವೋಲ್ಟು, ಇನ್ನೊಂದು 12, ಮತ್ತೊಂದು 19. ಒಂದರಲ್ಲಿ ನಡುವಿನ ಪಿನ್ನು ಧನ, ಮತ್ತೊಂದರಲ್ಲಿ ಋಣ. ಆಂಪಿಯರು ಬೇಕಾದುದಕ್ಕಿಂತ ಹೆಚ್ಚು ಬರೆದಿದ್ದರೆ ಚಿಂತೆಯಿಲ್ಲ, ಯಂತ್ರವು ತನಗೆ ಬೇಕಾದಷ್ಟನ್ನೇ ಎಳೆದುಕೊಳ್ಳುವುದು. ವೋಲ್ಟೂ ಧನಋಣಗಳೂ ಮಾತ್ರ ಸರಿಯಾಗಿ ಹೊಂದಲೇಬೇಕು. ಇಷ್ಟನ್ನು ಕನ್ನಡಕ ಹಾಕಿಕೊಂಡು ಓದಿನೋಡುವುದಕ್ಕೆ ಒಂದು ನಿಮಿಷ ಸಾಕು. ವಾಲ್ವ್ ಯಂತ್ರದ ಮುಚ್ಚಳವನ್ನು ತೆರೆಯುವ ಕೆಲಸವನ್ನು ಮಾತ್ರ ತಿಳಿದವರಿಗೇ ಬಿಡಬೇಕು, ಗೃಹಸ್ಥನ ಕರ್ತವ್ಯವೇನೆಂದರೆ, “ಅಳೆದಿರಾ?” ಎಂದು ಕೇಳುವುದು.

ಅಂದು ಸಂಜೆ ಮಿತ್ರರು ತಂದೆಯವರ ಕಾಲದ ತಟ್ಟೆಯೊಂದನ್ನು ಹಾಕಿದರು. ಸವೆದ ಗುಂಡಿಯನ್ನು ತಿರುಗಿಸಿ ಒಂದೆಡೆಗೆ ತಂದು, “ಅಣ್ಣ ಇಷ್ಟಕ್ಕೇ ಇಡುತ್ತಿದ್ದರು” ಎಂದರು. ಆಮೇಲೆ ಯಾರೂ ಮಾತನಾಡಲಿಲ್ಲ.