ವಿಲೀನದ ಲೆಕ್ಕದಲ್ಲಿ ಕಾಣದ ಸಂಕಟ

2019ರ ಏಪ್ರಿಲ್ 1ರಂದು ವಿಜಯಾ ಬ್ಯಾಂಕ್ ಬ್ಯಾಂಕ್ ಆಫ್ ಬರೋಡಾದಲ್ಲಿ ಲೀನವಾಯಿತು. ಮರುವರ್ಷ ಅದೇ ತಾರೀಖಿಗೆ ಸಿಂಡಿಕೇಟ್ ಬ್ಯಾಂಕ್ ಕೆನರಾ ಬ್ಯಾಂಕಿಗೂ ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕಿಗೂ ಸೇರಿಹೋದವು. ಸ್ಟೇಟ್ ಬ್ಯಾಂಕ್ ಆಫ್ ಮೈಸೂರು 2017ರಲ್ಲೇ ಎಸ್‌ಬಿಐ ಆಗಿತ್ತು. ಮೂರೇ ವರ್ಷದಲ್ಲಿ ಕರ್ನಾಟಕದ ನೆಲದಲ್ಲಿ ಹುಟ್ಟಿದ ನಾಲ್ಕು ಬ್ಯಾಂಕುಗಳ ಬೋರ್ಡು ಇಳಿಯಿತು. ಯಾರ ಕೆಲಸಕ್ಕೂ ಕುತ್ತಿಲ್ಲ ಎಂದು ಸರ್ಕಾರ ಭರವಸೆ ಕೊಟ್ಟಿತ್ತು. ಆದರೂ 2018ರ ಡಿಸೆಂಬರ್ 26ರಂದು ವಿಜಯಾ ಬ್ಯಾಂಕಿನ ವಿಲೀನದ ವಿರುದ್ಧ ದೇಶದಾದ್ಯಂತ ಬ್ಯಾಂಕ್ ನೌಕರರು ಮುಷ್ಕರ ಹೂಡಿದರು. ತಿಂಗಳಾದರೆ ಸಂಬಳ ಬರುತ್ತದಲ್ಲ, ಇವರದ್ದೇನು ಗೋಳು ಎಂದು ಮೂಗು ಮುರಿದವರು ಕಡಿಮೆಯಿರಲಿಲ್ಲ.

ಗೋಳಿನ ಕಾರಣ ಸಂಬಳದ ಚೀಟಿಯಲ್ಲಿ ಇರಲಿಲ್ಲ.

2017–18ರಲ್ಲಿ ವಿಜಯಾ ಬ್ಯಾಂಕ್ 727 ಕೋಟಿ ರೂಪಾಯಿ ನಿವ್ವಳ ಲಾಭ ತೋರಿಸಿತ್ತು. ಅದೇ ವರ್ಷ ಬರೋಡಾ ಬ್ಯಾಂಕಿನ ನಷ್ಟ 2,400 ಕೋಟಿ ದಾಟಿತ್ತು. ಗಾತ್ರದಲ್ಲಿ ಬರೋಡಾ ಎಷ್ಟೋ ದೊಡ್ಡದು, ಹಾಗಾಗಿ ಅದರ ಹೆಸರೇ ಉಳಿಯಬೇಕು ಎಂಬ ಸಮಜಾಯಿಷಿಯನ್ನು ಬುದ್ಧಿ ಒಪ್ಪಬಹುದು. ಮಾರ್ಚ್ ತಿಂಗಳಲ್ಲಿ ರಾತ್ರಿಯವರೆಗೆ ಕೂತು ವಸೂಲಿ ಟಾರ್ಗೆಟ್ ಮುಟ್ಟಿಸಿದ ಶಾಖಾ ಮ್ಯಾನೇಜರ್‌ಗೆ ಅದು ಅಷ್ಟು ಸುಲಭಕ್ಕೆ ಒಪ್ಪಿಗೆಯಾಗದು. ಚೆನ್ನಾಗಿ ದುಡಿದದ್ದಕ್ಕೆ ಸಿಕ್ಕ ಫಲ ಇದೇನಾ ಎಂಬ ಪ್ರಶ್ನೆಯಲ್ಲಿ ಸೋಮಾರಿತನವೂ ಇಲ್ಲ, ಹಟವೂ ಇಲ್ಲ. ಅನ್ಯಾಯವಾಯಿತು ಎಂಬ ನೋವಿದೆ.

ಕರಾವಳಿಯವರಿಗೆ ಇದರ ಜೊತೆ ಇನ್ನೊಂದು ಎಳೆಯೂ ಇತ್ತು. ಸಿಂಡಿಕೇಟ್ ಬ್ಯಾಂಕ್ 1925ರಲ್ಲಿ ಉಡುಪಿಯಲ್ಲಿ ಶುರುವಾದದ್ದು ಎಂಟು ಸಾವಿರ ರೂಪಾಯಿ ಬಂಡವಾಳದಿಂದ. 1928ರಲ್ಲಿ ಅದು ಪಿಗ್ಮಿ ಠೇವಣಿ ಆರಂಭಿಸಿತು. ಏಜೆಂಟ್ ದಿನವೂ ಮನೆ, ಅಂಗಡಿ ಸುತ್ತಿ ಎರಡಾಣೆ ಸಂಗ್ರಹಿಸುತ್ತಿದ್ದ. ಅಪ್ಪ ಪಿಗ್ಮಿ ಕಟ್ಟಿದ ಬ್ಯಾಂಕಿನಲ್ಲಿ ಮಗ ಕ್ಲಾರ್ಕ್ ಆದ ಮನೆಗಳು ಆ ಕಡೆ ಬೇಕಾದಷ್ಟಿವೆ. ಅಂಥವರಿಗೆ ಹೆಸರು ಅಳಿದದ್ದು ಕಚೇರಿಯ ವಿಷಯವಾಗಿ ಉಳಿಯಲಿಲ್ಲ, ಮನೆಯ ವಿಷಯವಾಯಿತು.

ಇನ್ನು ಕೌಂಟರಿನ ಒಳಗೆ ನೋಡಬೇಕು. ಸಿಂಡಿಕೇಟಿನ ಹಳೆಯ ಐಎಫ್‌ಎಸ್‌ಸಿ ಕೋಡ್‌ಗಳು 2021ರ ಜೂನ್ ಕೊನೆಗೆ ನಿಂತವು. ಪಿಂಚಣಿ ಬಂದಿಲ್ಲ, ಚೆಕ್ ವಾಪಸಾಯಿತು ಎಂದು ಬಂದವರು ಬೈದದ್ದು ದೆಹಲಿಯಲ್ಲಿ ಕೂತು ವಿಲೀನ ನಿರ್ಧರಿಸಿದವರನ್ನಲ್ಲ, ಎದುರಿಗೆ ಕೂತವರನ್ನು. ಇಪ್ಪತ್ತೈದು ವರ್ಷ ಸರ್ವಿಸ್ ಆದವರು, ಯಾವ ಸಾಲಕ್ಕೆ ಯಾವ ಸರ್ಕ್ಯುಲರ್ ಎಂದು ಇಡೀ ಶಾಖೆಗೆ ಹೇಳಿಕೊಡುತ್ತಿದ್ದವರು, ಈಗ ಹೊಸ ಬ್ಯಾಂಕಿನ ನಿಯಮವನ್ನು ನಿನ್ನೆ ಮೊನ್ನೆ ಸೇರಿದ ಹುಡುಗನ ಹತ್ತಿರ ಕೇಳಬೇಕಾಯಿತು. ಪ್ರಮೋಷನ್‌ಗೆ ಸೀನಿಯಾರಿಟಿ ಎಲ್ಲಿ ನಿಲ್ಲುತ್ತದೆ, ಮುಂದಿನ ಟ್ರಾನ್ಸ್‌ಫರ್ ಯಾವ ರಾಜ್ಯಕ್ಕೆ ಎಂಬ ಆತಂಕ ಬೇರೆ. ಇದನ್ನೆಲ್ಲ 'ಬದಲಾವಣೆಗೆ ವಿರೋಧ' ಎಂಬ ಒಂದೇ ಚೀಲಕ್ಕೆ ತುಂಬುವುದು ಆಡಳಿತಕ್ಕೆ ಅನುಕೂಲ, ಅಷ್ಟೇ.

ತರಬೇತಿ ಕೇಂದ್ರಗಳಲ್ಲಿ ಇದಕ್ಕೊಂದು ಸಿದ್ಧ ಚಿತ್ರವಿದೆ: ನಿರಾಕರಣೆ, ಸಿಟ್ಟು, ಚೌಕಾಸಿ, ಖಿನ್ನತೆ, ಕೊನೆಗೆ ಒಪ್ಪಿಗೆ. ಎಲಿಜಬೆತ್ ಕ್ಯೂಬ್ಲರ್-ರಾಸ್ 1969ರಲ್ಲಿ ಈ ಹಂತಗಳನ್ನು ಬರೆದದ್ದು ಸಾವಿನಂಚಿನ ರೋಗಿಗಳ ಬಗ್ಗೆ. ಅದನ್ನು ಕಚೇರಿಗೆ ಎಳೆದು ತಂದವರ ಧೈರ್ಯ ಮೆಚ್ಚಬೇಕು! ಸಿಟ್ಟೂ ಒಂದು ಹಂತ, ತಾನಾಗಿ ಇಳಿಯುತ್ತದೆ ಎಂದುಕೊಂಡರೆ ಆ ಸಿಟ್ಟು ಏನು ಹೇಳುತ್ತಿದೆ ಎಂದು ಕೇಳುವ ಗೊಡವೆಯೇ ಇಲ್ಲ.

ಕೇಳಿದರೆ ಏನಾಗುತ್ತದೆ ಎಂಬುದಕ್ಕೆ ಹಳೆಯ ಸಾಕ್ಷ್ಯವಿದೆ. ಅಮೆರಿಕದ ವರ್ಜೀನಿಯಾದ ಹಾರ್ವುಡ್ ಪೈಜಾಮ ಕಾರ್ಖಾನೆಯಲ್ಲಿ ಕೆಲಸದ ವಿಧಾನ ಬದಲಿಸುವಾಗ ಲೆಸ್ಟರ್ ಕೋಕ್ ಮತ್ತು ಜಾನ್ ಫ್ರೆಂಚ್ ಒಂದು ಪ್ರಯೋಗ ಮಾಡಿ 1948ರಲ್ಲಿ ಪ್ರಕಟಿಸಿದರು. ಒಂದು ಗುಂಪಿಗೆ ಬದಲಾವಣೆಯನ್ನು ಬರೀ ತಿಳಿಸಿದರು. ಉತ್ಪಾದನೆ ಕುಸಿಯಿತು, ಮೊದಲ 40 ದಿನಗಳಲ್ಲೇ ಶೇ 17ರಷ್ಟು ಮಂದಿ ಕೆಲಸ ಬಿಟ್ಟರು. ಹೊಸ ವಿಧಾನ ರೂಪಿಸುವುದರಲ್ಲೇ ಕೈಜೋಡಿಸಿದ ಗುಂಪುಗಳು ಬೇಗ ಚೇತರಿಸಿಕೊಂಡು ಹಳೆಯ ಮಟ್ಟವನ್ನೂ ದಾಟಿದವು. ಅವರಲ್ಲಿ ಆ ಅವಧಿಯಲ್ಲಿ ಯಾರೂ ಕೆಲಸ ಬಿಡಲಿಲ್ಲ.

ನೌಕರರ ಭಯವೆಲ್ಲ ನಿಜವಾಗುತ್ತದೆ ಎಂದೇನಲ್ಲ. ಬ್ಯಾಂಕಿಗೆ ಕಂಪ್ಯೂಟರ್ ಬಂದರೆ ಕೆಲಸ ಹೋಗುತ್ತದೆ ಎಂದು ಯೂನಿಯನ್‌ಗಳು ಹೋರಾಡಿ, 1983ರಲ್ಲಿ ಮಾತುಕತೆಯ ಮೂಲಕ ಒಪ್ಪಂದಕ್ಕೆ ಬಂದವು. ಆಮೇಲೆ ಅದೇ ತಲೆಮಾರು ಲೆಡ್ಜರ್ ಮಡಿಚಿಟ್ಟು ಕೀಬೋರ್ಡ್ ಹಿಡಿಯಿತು. ವಿಲೀನದಿಂದ ದೊಡ್ಡ ಬ್ಯಾಂಕಿನ ಅವಕಾಶ ಸಿಕ್ಕಿತೆಂದು ಖುಷಿಪಟ್ಟ ಕಿರಿಯರೂ ಇದ್ದಾರೆ. ಒಂದೇ ಸುತ್ತೋಲೆ ಒಂದೇ ಶಾಖೆಯಲ್ಲಿ ಒಬ್ಬರಿಗೆ ಬಾಗಿಲು, ಇನ್ನೊಬ್ಬರಿಗೆ ಗೋಡೆ. 2019ರಲ್ಲಿ ವಿಲೀನದ ಜೋಡಿಗಳನ್ನು ಆರಿಸುವಾಗ ಬ್ಯಾಂಕುಗಳ ತಂತ್ರಾಂಶ ಹೊಂದುತ್ತದೆಯೇ ಎಂದು ನೋಡಿದ್ದರು. ಮನುಷ್ಯರ ವಿಷಯದಲ್ಲೂ ಅಷ್ಟು ಮುತುವರ್ಜಿ ಇದ್ದಿದ್ದರೆ ಅರ್ಧ ಕಹಿ ಕಡಿಮೆಯಾಗುತ್ತಿತ್ತು.

2025ರ ಮೇ 1ರಿಂದ ಬಳ್ಳಾರಿಯ ಕರ್ನಾಟಕ ಗ್ರಾಮೀಣ ಬ್ಯಾಂಕ್ ಮತ್ತು ಧಾರವಾಡದ ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕ್ ಒಂದಾಗಿವೆ. ಪ್ರಧಾನ ಕಚೇರಿ ಬಳ್ಳಾರಿಯಲ್ಲಿದೆ. ಸೀನಿಯಾರಿಟಿ, ವರ್ಗಾವಣೆಯ ಪ್ರಶ್ನೆಗಳು ಎದುರಾದಾಗಲೆಲ್ಲ ಆಡಳಿತದವರು ಸುತ್ತೋಲೆ ಹೊರಡಿಸುವ ಮುನ್ನ ಎರಡೂ ಕಡೆಯ ಶಾಖೆಗಳ ಸಿಬ್ಬಂದಿಯನ್ನು ಕೂರಿಸಿಕೊಂಡು ಮಾತನಾಡಲಿ.